ಕಣ್ಣು ತೊಳೆಯುವ ಹೊತ್ತು

ನಮ್ಮ ಕಸುಬಿನಲ್ಲಿ ಕೈ ತೊಳೆಯುವುದಕ್ಕೆ ಮುಂಚೆ ಕಣ್ಣು ತೊಳೆಯಬೇಕು. ಇದು ಅಪ್ಪನ ನಿಯಮ. ಗೋಡೆಗೆ ಬಣ್ಣ ಹೊಡೆಯುವ ನಾವು ದಿನವಿಡೀ ಒಂದೇ ಬಣ್ಣಕ್ಕೆ ಮುಖ ಕೊಟ್ಟು ನಿಂತಿರುತ್ತೇವೆ. ಸಂಜೆಯ ಹೊತ್ತಿಗೆ ಅದು ಕಣ್ಣಿನೊಳಗೆ ಮನೆ ಮಾಡಿಬಿಟ್ಟಿರುತ್ತದೆ. ಅದನ್ನು ಹೊರಗೆ ಹಾಕದೆ ಹೋಗಿ ಮಲಗಿದರೆ, ಮಾರನೆಯ ಬೆಳಿಗ್ಗೆ ಕಲಸಿದ ಬಣ್ಣ ಹಿಂದಿನ ದಿನದ್ದಕ್ಕೆ ಕೂಡುವುದಿಲ್ಲ. ಒಂದೇ ಗೋಡೆಯ ಎರಡು ಅರ್ಧಗಳು ಜಗಳವಾಡಿದ ಅತ್ತೆ ಸೊಸೆಯ ಹಾಗೆ ಮುಖ ಊದಿಸಿಕೊಂಡು ನಿಲ್ಲುತ್ತವೆ. ಅದಕ್ಕೇ ಅಪ್ಪ ಕೆಲಸ ಮುಗಿಸಿ ನೇರವಾಗಿ ಮನೆಗೆ ಬಂದದ್ದನ್ನು ನಾನು ಕಂಡವಳೇ ಅಲ್ಲ. ಹಳೆ ಸೇತುವೆಯ ಪಕ್ಕದ ಮೆಟ್ಟಿಲಿನ ಮೇಲೆ ನದಿಗೆ ಎದುರಾಗಿ ಕೂತು, ನೀರನ್ನು ನೋಡಿ, ಅವತ್ತಿನ ನೀರಿನ ಬಣ್ಣವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಮನೆ.

ಹೇಳುವುದೆಂದರೆ ನೀಲಿ, ಹಸಿರು ಅಂತ ಹೇಳಿ ಕೈ ತೊಳೆದುಕೊಳ್ಳುವುದಲ್ಲ. ಕಲಸುವ ಲೆಕ್ಕದಲ್ಲಿ ಹೇಳಬೇಕು. ಬಿಳಿ ಒಂದು ಬಕೆಟ್ಟಿಗೆ ಹಸಿರು ಎಷ್ಟು, ಮಣ್ಣುಹಳದಿ ಎಷ್ಟು, ಕಾವಿ ಬೇಕೋ ಬೇಡವೋ, ಕಪ್ಪು ಎಷ್ಟು. ಈಗ ಬಣ್ಣದ ಅಂಗಡಿಗಳಲ್ಲಿ ಗುಂಡಿ ಒತ್ತಿದರೆ ಯಂತ್ರವೇ ಕಲಸಿ ಕೊಡುತ್ತದೆ. "ಅದಕ್ಕೆ ಹೇಳ್ರೋ ನದಿ ನೋಡು ಅಂತ," ಎಂದು ಅಪ್ಪ ನಗುತ್ತಿದ್ದ.

ಮಗಳು ಗುಬ್ಬಿ ಹುಟ್ಟಿ, ಅವಳಪ್ಪ ದೂರದೂರದ ಲಾರಿ ಹತ್ತಿ ತಿಂಗಳಿಗೊಮ್ಮೆ ಬಂದು ಹೋಗುವ ನೆಂಟನಾದ ಮೇಲೆ ನಾನೂ ಅಪ್ಪನ ಜೊತೆ ಕೆಲಸಕ್ಕಿಳಿದೆ. ಮೊದಲ ಸಂಜೆಯೇ ಮೆಟ್ಟಿಲಲ್ಲಿ ನನ್ನನ್ನು ಕೂರಿಸಿಕೊಂಡು, "ಹೇಳು ನೋಡೋಣ," ಅಂದ. ನಾನು ತೋಚಿದ್ದು ಹೇಳಿದೆ. ಅಪ್ಪ ಕಣ್ಣು ಕಿರಿದು ಮಾಡಿ ನೀರನ್ನೊಮ್ಮೆ ನೋಡಿ, "ಎಲ್ಲಾ ಸರಿ. ಕಪ್ಪು ಜಾಸ್ತಿ," ಅಂದ. ಅವತ್ತಿನಿಂದ ನಾನು ಏನು ಹೇಳಿದರೂ ಅದೇ ತೀರ್ಪು. ಕಪ್ಪು ಜಾಸ್ತಿ. ಕೆಲವು ಸಲ ಬೇಕಂತಲೇ ಕಡಿಮೆ ಹೇಳುತ್ತಿದ್ದೆ, ಆಗಲೂ ಜಾಸ್ತಿಯೇ. "ನಿನ್ನ ಕೈಯೇ ಹಾಗೆ ಕಣೇ. ಹುಟ್ಟುತ್ತಲೇ ಮುಖ ಗಂಟು ಹಾಕ್ಕೊಂಡು ಬಂದೋಳು," ಅನ್ನುತ್ತಿದ್ದ.

ಇನ್ನೊಂದು ನಿಯಮವಿತ್ತು. ಬಣ್ಣದ ಕೈಯನ್ನು ನದಿಗೆ ಹಾಕಬಾರದು. ಬ್ರಶ್ಶು ತೊಳೆಯುವುದಂತೂ ದೂರ, ಬೆರಳು ಕೂಡ ಅದ್ದುವಂತಿಲ್ಲ. "ಅದಕ್ಕೆ ಅದರದೇ ಬಣ್ಣ ಇದೆ, ನಮ್ಮದ್ಯಾಕೆ?" ಅನ್ನುವುದು ಅಪ್ಪನ ವಾದ. ಅಪ್ಪನ ಕೈಯಲ್ಲಿ ಬಣ್ಣವಿಲ್ಲದ ದಿನವೇ ಇರಲಿಲ್ಲ. ಉಗುರಿನ ಸಂದಿ, ಗಂಟಿನ ಗೆರೆ, ಎಷ್ಟು ಉಜ್ಜಿದರೂ ಯಾವುದೋ ಮನೆಯ ಗೋಡೆ ಅಲ್ಲಿ ಉಳಿದಿರುತ್ತಿತ್ತು. ಹೀಗಾಗಿ ಇಷ್ಟು ವರ್ಷ ಪ್ರತಿ ಸಂಜೆ ನದಿಯ ಎದುರು ಕೂತ ಮನುಷ್ಯ ಅದನ್ನು ಮುಟ್ಟಿಯೇ ಇರಲಿಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ತಡವಾಗಿ.

ಕಾಯಿಲೆ ಮೊದಲು ಕಾಣಿಸಿಕೊಂಡದ್ದೂ ಬಣ್ಣವಾಗಿಯೇ. ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದ ಅಪ್ಪ ಕನ್ನಡಿಯ ಮುಂದೆ ನಿಂತು ಕೂಗಿದ.

"ಏನೇ, ಇಲ್ಲಿ ಬಲ್ಬ್ ಬದಲಾಯಿಸಿದ್ಯಾ?"

"ಇಲ್ವಲ್ಲ. ಯಾಕೆ?"

"ಬಾ ಇಲ್ಲಿ." ಕೆಳಗಿನ ರೆಪ್ಪೆಯನ್ನು ಬೆರಳಲ್ಲಿ ಎಳೆದು ತೋರಿಸಿದ. "ಬಿಳಿಗೆ ಮಣ್ಣುಹಳದಿ ಬಿದ್ದಿದೆ. ನೋಡು, ಕಾಲು ಚಮಚ ಇರಬಹುದು."

ಮುಂದಿನ ವಾರದ ಹೊತ್ತಿಗೆ ಅದು ಕಾಲು ಚಮಚವಾಗಿ ಉಳಿದಿರಲಿಲ್ಲ. ಮೈಯೆಲ್ಲ ತುರಿಕೆ, ಊಟ ಕಂಡರೆ ಮುಖ ತಿರುಗಿಸುವುದು, ಮಧ್ಯಾಹ್ನ ಏಣಿಯ ಕೆಳಗೇ ಕೂತು ತೂಕಡಿಸುವುದು. ಏಣಿ ಮಾವ ನೋಡಲು ಬಂದ. ಈತ ಅಪ್ಪನ ಹಳೆಯ ಜೊತೆಗಾರ. ರಕ್ತಸಂಬಂಧವೇನಿಲ್ಲ, ಬಣ್ಣದ ಸಂಬಂಧ. ಎತ್ತರದ ಕಟ್ಟಡಗಳ ಹೊರಗೋಡೆಗೆ ಅಪ್ಪ ಹಲಗೆಯ ಮೇಲೆ ಕೂತು ಹಗ್ಗದಲ್ಲಿ ತೂಗಾಡುತ್ತ ಬಣ್ಣ ಹೊಡೆಯುತ್ತಿದ್ದರೆ, ಮೇಲೆ ನಿಂತು ಆ ಹಗ್ಗ ಹಿಡಿದಿರುತ್ತಿದ್ದವನು ಇವನೇ. ಏಣಿಯಷ್ಟೇ ಉದ್ದ, ಏಣಿಯಷ್ಟೇ ಸಪೂರ. ಬಾಗಿಲಲ್ಲಿ ನಿಂತು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಏನು ಮೇಸ್ತ್ರಿ, ನಿನಗೆ ನೀನೇ ಬಳಿದುಕೊಂಡಿದ್ದೀಯ? ಎರಡನೇ ಕೋಟು ಬೇಡ ಮಾರಾಯ, ಸಾಕು," ಅಂದ.

"ಪ್ರೈಮರ್ ಹಾಕದೇ ಬಳಿದಿದ್ದಾರೆ ಕಣೋ. ನಿಲ್ಲಲ್ಲ ಇದು, ಉದುರುತ್ತೆ," ಎಂದ ಅಪ್ಪ.

ಇಬ್ಬರೂ ನಕ್ಕರು. ಮಾವ ಹೊರಡುವಾಗ ಮನೆಯ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಹಣೆ ಕೊಟ್ಟು ನಿಂತಿದ್ದನ್ನು ನಾನು ನೋಡಿಯೂ ನೋಡದ ಹಾಗೆ ಒಳಗೆ ಬಂದೆ.

ಅಪ್ಪ ಹಾಸಿಗೆ ಹಿಡಿದ ಮೇಲೆ ಒಂದು ಹೊಸ ಪದ್ಧತಿ ಶುರುವಾಯಿತು. ನಮ್ಮದು ಮೇಲಿನ ಅಂತಸ್ತಿನ ಎರಡು ಕೋಣೆಯ ಮನೆ. ಅಪ್ಪ ಮಲಗುವ ಕೋಣೆಯ ಕಿಟಕಿ ತೆರೆದರೆ ಎದುರು ಕಟ್ಟಡದ ಬೆನ್ನು, ಅದರ ಮೇಲೆ ಹರಿದಾಡುವ ಕೊಳವೆಗಳು, ಗಾರೆ ಬಿಟ್ಟು ಕಾಣುವ ಇಟ್ಟಿಗೆ. "ಇದನ್ನ ಯಾವ ಪುಣ್ಯಾತ್ಮ ಮೆತ್ತಿದ್ನೋ," ಎಂದು ಬೈಯುವುದಷ್ಟೇ ಅಪ್ಪನಿಗಿದ್ದ ನೋಟದ ಸುಖ. ಹಾಗಾಗಿ ನಾನು ಕೆಲಸ ಮುಗಿಸಿ, ನದಿಯ ಮೆಟ್ಟಿಲಲ್ಲಿ ಕೂತು, ಅವತ್ತಿನ ಬಣ್ಣವನ್ನು ನೆನಪಲ್ಲಿ ಹೊತ್ತು ತರಬೇಕು. ಚೀಲ ಕೆಳಗಿಡುವ ಮುಂಚೆಯೇ ಒಳಗಿಂದ ಪ್ರಶ್ನೆ.

"ಇವತ್ತು?"

"ಬಿಳಿ ಒಂದು ಬಕೆಟ್ಟು. ಹಸಿರು ಮೂರು ಚಮಚ. ಮಣ್ಣುಹಳದಿ ಒಂದು. ಕಪ್ಪು ಅರ್ಧ."

ಅಪ್ಪ ಕಣ್ಣು ಮುಚ್ಚಿ ಅದನ್ನು ಒಳಗೇ ಕಲಸುತ್ತಿದ್ದ. ಕೈಬೆರಳು ಹೊದಿಕೆಯ ಮೇಲೆ ಸಣ್ಣಗೆ ಸುತ್ತುತ್ತಿತ್ತು, ಬಕೆಟ್ಟಿನಲ್ಲಿ ಕೋಲು ಆಡಿಸುವ ಹಾಗೆ. "ಮೇಲುಗಡೆ ಎಲ್ಲೋ ಮಳೆ ಬಿದ್ದಿದೆ. ಮಣ್ಣು ಇಳೀತಿದೆ. ಆದ್ರೂ ಕಪ್ಪು ಜಾಸ್ತಿ."

ನಿಜ ಹೇಳಬೇಕೆಂದರೆ ಆ ಮೆಟ್ಟಿಲು ಅಪ್ಪನಿಗಿಂತ ನನಗೇ ಹೆಚ್ಚು ಬೇಕಿತ್ತು. ಬೆಳಿಗ್ಗೆ ಎದ್ದು ಅಡುಗೆ, ಗುಬ್ಬಿಯ ಸ್ಕೂಲಿನ ಡಬ್ಬಿ, ಅಪ್ಪನ ಮೈ ಒರೆಸುವುದು, ಔಷಧ, ಆಮೇಲೆ ಯಾರದ್ದೋ ಮನೆಯ ಗೋಡೆ ಕೆರೆದು ಬಿರುಕಿಗೆ ಪುಟ್ಟಿ ತುಂಬುವುದು, ಮತ್ತೆ ಮನೆ, ಮತ್ತೆ ಪಾತ್ರೆ. ಈ ನಡುವೆ ಒಂದು ಚೂರು ಹೊತ್ತು ನನ್ನನ್ನು ಯಾರೂ ಏನೂ ಕೇಳದ ಜಾಗ ಅದೊಂದೇ. ನಾಲ್ಕು ಮೆಟ್ಟಿಲು ಇಳಿದರೆ ಸಾಕು, ಮೇಲಿನ ರಸ್ತೆಯ ಹಾರ್ನು ಯಾರದೋ ಮನೆಯ ಗಲಾಟೆಯ ಹಾಗೆ ದೂರವಾಗುತ್ತಿತ್ತು. ಜೊಂಡಿನ ಬುಡದಲ್ಲಿ ನೀರು ಗುಳುಗುಳು ಅನ್ನುವುದು, ನೀರಿಗೆ ಬಾಗಿದ ಮರದ ಬೇರುಗಳ ಮೇಲೆ ಆಮೆ ಕತ್ತು ಚಾಚಿ ಕೂತಿರುವುದು, ತುಂತುರಿನಂಥ ಸಣ್ಣ ಹುಳುಗಳು ಒಂದೇ ಜಾಗದಲ್ಲಿ ನಿಂತು ಕುಣಿಯುವುದು. ಆಚೆ ದಡದ ಮುರುಕು ಕಂಬದ ಮೇಲೆ ಒಂದು ನೀರುಕಾಗೆ ದಿನಾ ಬಂದು ರೆಕ್ಕೆ ಬಿಚ್ಚಿ ನಿಲ್ಲುತ್ತಿತ್ತು, ಒದ್ದೆ ಅಂಗಿ ಒಣಗಿಸುವವರ ಹಾಗೆ. ಅದಕ್ಕೆ ಅವಸರವೇ ಇಲ್ಲ. ಅದು ಒಣಗುವವರೆಗೆ ನಾನೂ ಕೂತಿರುತ್ತಿದ್ದೆ. ಎದೆಯೊಳಗೆ ದಿನವಿಡೀ ಬಿಗಿದಿಟ್ಟ ಏನೋ ಒಂದು, ಅಲ್ಲಿ ತಾನಾಗಿ ಸಡಿಲವಾಗುತ್ತಿತ್ತು. ಕೆಲವು ದಿನ ಅಳು ಬರುತ್ತಿತ್ತು, ಕೆಲವು ದಿನ ಬರೀ ಆಕಳಿಕೆ.

ಆಮೇಲೆ ಆಸ್ಪತ್ರೆಯಿಂದ ಫೋನು ಬಂತು. ಅಪ್ಪನಿಗೆ ಮಾಡಿಸಿದ್ದ ಪರೀಕ್ಷೆಗಳೆಲ್ಲ ಮುಗಿದಿವೆ, ಮನೆಯವರು ಯಾರಾದರೂ ಒಬ್ಬರೇ ಬನ್ನಿ ಅಂದರು. ಅಪ್ಪನಿಗೆ ಕೆಲಸಕ್ಕೆ ಹೋಗುತ್ತೇನೆ ಎಂದು ಹೇಳಿ, ಬಣ್ಣದ ಕೆಲಸದ ಬಟ್ಟೆಯನ್ನೇ ಹಾಕಿಕೊಂಡು ಹೊರಟೆ.

ಮೂರನೇ ಮಹಡಿಯ ಉದ್ದನೆಯ ಓಣಿಯಲ್ಲಿ ಒಂದು ಕಾಲು ಕುಂಟುವ ಬೆಂಚಿನ ಮೇಲೆ ಕೂರಿಸಿದರು. ಎದುರಿಗೆ ಗೋಡೆ. ಆ ಗೋಡೆ ನನಗೆ ಗೊತ್ತಿತ್ತು. ಅದಕ್ಕೆ ಬಣ್ಣ ಹೊಡೆದದ್ದು ಅಪ್ಪ. ಬಿರುಕಿಗೆ ಪುಟ್ಟಿ ತುಂಬಿದ್ದು ಹೊಸದಾಗಿ ಕೆಲಸ ಕಲಿಯುತ್ತಿದ್ದ ನಾನು. ವಾಸಿಯಾಗದ ಕಾಯಿಲೆಯವರನ್ನು, ಅವರ ಕಡೆಯವರನ್ನು ಕಾಣುವ ಮಹಡಿ ಇದು. ಆಗಿನ ದೊಡ್ಡ ಡಾಕ್ಟರು ಅಪ್ಪನನ್ನು ಕರೆದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹಸಿರು ಬೇಡ, ತೋಟ ನೆನಪಾಗುತ್ತೆ. ನೀಲಿ ಬೇಡ, ಆಕಾಶ ನೆನಪಾಗುತ್ತೆ. ಇಲ್ಲಿ ಕೂರೋರಿಗೆ ಏನು ನೆನಪಾದ್ರೂ ಕಷ್ಟ, ಏನೂ ನೆನಪಾಗದಂಥ ಬಣ್ಣ ಕಲಸಿಕೊಡಿ ಅಂದಿದ್ದರು. ಅಪ್ಪ ಅದಕ್ಕಾಗಿ ಗೋಡೆಯ ಮೂಲೆಯಲ್ಲಿ ಎಷ್ಟು ಮಾದರಿ ಬಳಿದು ಒರೆಸಿದನೋ. ಕೊನೆಗೆ ಸಿಕ್ಕಿತು. ಬಿಳಿ ಒಂದು ಬಕೆಟ್ಟು, ಹಸಿರು ಒಂದು ಚಮಚ, ಕಾವಿ ಒಂದು ಚಮಚ, ಕಪ್ಪು ಬ್ರಶ್ಶಿನ ತುದಿಯಷ್ಟು. ಹಸಿರಿನ ಸೊಕ್ಕನ್ನು ಕಾವಿ ಮುರಿಯುತ್ತದೆ, ಕಾವಿಯ ಸೊಕ್ಕನ್ನು ಹಸಿರು. ಉಳಿಯುವುದು ಏನೂ ಅಲ್ಲದ ಒಂದು ಬಣ್ಣ. ಅಪ್ಪನಿಗೆ ಅದರ ಬಗ್ಗೆ ಹೆಮ್ಮೆಯೋ ಹೆಮ್ಮೆ.

ಆ ಏನೂ ಅಲ್ಲದ ಬಣ್ಣವನ್ನೇ ನೋಡುತ್ತ ಕೂತೆ. ಬೇರೆ ನೋಡಲು ಇನ್ನೇನೂ ಇರಲಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ಮೇಜಿನ ಆಚೆ ಕೂರದೆ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಮಾತಾಡಿದರು. ಗಡ್ಡೆ ಕೊಯ್ದು ತೆಗೆಯುವ ಹಂತ ದಾಟಿದೆ, ನೋವಾಗದ ಹಾಗೆ ನೋಡಿಕೊಳ್ಳಬಹುದು, ಮನೆಯಲ್ಲೇ ಇರಲಿ. "ಎಷ್ಟು ದಿನ?" ಅಂತ ಕೇಳಿದೆ. "ದಿನ ಹೇಳೋಕಾಗಲ್ಲಮ್ಮ. ಅವರಿಗೇನಾದ್ರೂ ಆಸೆ ಇದ್ರೆ ಮುಂದಕ್ಕೆ ಹಾಕಬೇಡಿ," ಅಂದರು. ಹೊರಗೆ ಬಂದು ಮತ್ತೆ ಅದೇ ಬೆಂಚಿನಲ್ಲಿ ಕೂತು, ಬೇರೆ ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿದೆ. ಡಾಕ್ಟರಮ್ಮ ಅಂದದ್ದನ್ನು ಅವನು ಎರಡೆರಡು ಸಲ ಹೇಳಿಸಿಕೊಂಡ. ಆಮೇಲೆ, "ಅಕ್ಕಾ, ಅಪ್ಪಂಗೆ ಮಾತ್ರ ಹೇಳ್ಬೇಡ. ಗೊತ್ತಾದ್ರೆ ಅವತ್ತೇ ಕುಸಿದುಬಿಡ್ತಾರೆ. ನನ್ನ ಮೇಲಾಣೆ," ಅಂದ. ನಾನು ಹೂಂ ಅಂದೆ. ಹೇಳುವ ಧೈರ್ಯ ನನಗಾದರೂ ಎಲ್ಲಿತ್ತು?

ಗುಬ್ಬಿಯ ಸ್ಕೂಲು ಬಿಡುವ ಹೊತ್ತಾಗಿತ್ತು. ಅವಳನ್ನು ಕರೆದುಕೊಂಡು ಮನೆಗೆ ಬಂದೆ. ನದಿ ನೆನಪಾದದ್ದು ಚೀಲ ಕೆಳಗಿಡುವಾಗ.

"ಇವತ್ತು?" ಅಂದ ಅಪ್ಪ ಒಳಗಿಂದ.

ಕಣ್ಣು ಮುಚ್ಚಿದೆ. ಯಾವುದಾದರೂ ಹಳೆಯ ದಿನದ ನೀರನ್ನು ನೆನೆಸಿಕೊಂಡು ಹೇಳಿದರಾಯಿತು ಅಂದುಕೊಂಡೆ. ಬಾಯಿ ತಾನೇ ಹೇಳಿತು. "ಬಿಳಿ ಒಂದು ಬಕೆಟ್ಟು. ಹಸಿರು ಒಂದು ಚಮಚ. ಕಾವಿ ಒಂದು ಚಮಚ. ಕಪ್ಪು..."

"ಕಪ್ಪು?"

"ಬ್ರಶ್ಶಿನ ತುದಿಯಷ್ಟು."

ಹೊದಿಕೆಯ ಮೇಲೆ ಸುತ್ತುತ್ತಿದ್ದ ಬೆರಳು ನಿಂತಿತು. ಕಪ್ಪು ಜಾಸ್ತಿ ಅನ್ನುತ್ತಾನೆಂದು ಕಾದೆ. ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಒಲೆ ಹಚ್ಚಿ ಪಾತ್ರೆಯಿಟ್ಟೆ. ಅಕ್ಕಿ ತೊಳೆದು ಹಾಕಿದೆ. ಬಾಗಿಲಲ್ಲಿ ಇಣುಕಿದೆ. ಅಪ್ಪ ಕಿಟಕಿಯಾಚೆಯ ಇಟ್ಟಿಗೆಗಳನ್ನು ನೋಡುತ್ತಿದ್ದ.

"ಬೆಂಚು ಈಗ್ಲೂ ಅದೇನಾ?" ಅಂದ, ತಲೆ ತಿರುಗಿಸದೆ. "ಕಾಲು ಕುಂಟೋದು?"

"ಯಾವ ಬೆಂಚು?"

"ಮೂರನೇ ಮಹಡೀದು."

ನಾನು ಸೆರಗಿಗೆ ಕೈ ಒರೆಸಿಕೊಂಡು ಮಂಚದ ಹತ್ತಿರ ಬಂದೆ.

"ನದಿಯಲ್ಲಿ ಹಸಿರೂ ಕಾವೀನೂ ಯಾವತ್ತೂ ಸಮ ಆಗಲ್ಲ ಕಣೇ. ಯಾವುದಾದ್ರೂ ಒಂದು ಮೇಲೇಳುತ್ತೆ. ಸಮ ಮಾಡಿದ್ದು ನಾನು." ಈಗ ನನ್ನತ್ತ ತಿರುಗಿದ. "ತುಂಬಾ ಹೊತ್ತು ಕೂರಿಸಿದ್ರಾ ನಿನ್ನ? ಒಬ್ಬಳೇ ಇದ್ಯಾ?"

ತನಗೇನಾಗಿದೆ ಎಂದು ಕೇಳಲಿಲ್ಲ. ನನ್ನನ್ನು ಎಷ್ಟು ಹೊತ್ತು ಕೂರಿಸಿದರು ಎಂದು ಕೇಳಿದ. ಅಲ್ಲಿಗೆ ನಾನು ಕಟ್ಟಿದ್ದೆಲ್ಲ ಒಡೆಯಿತು. ಮಂಚದ ಅಂಚಿಗೆ ಹಣೆಯಿಟ್ಟು ಅತ್ತೆ. ಅಪ್ಪ ತಲೆಯ ಮೇಲೆ ಕೈಯಿಟ್ಟು, ಕೂದಲಿಗಂಟಿದ್ದ ಹಿಂದಿನ ದಿನದ ಸುಣ್ಣದ ಪುಡಿಯನ್ನು ಉಗುರಿನಿಂದ ಒಂದೊಂದಾಗಿ ಬಿಡಿಸುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಬೇಗ ಅತ್ತು ಮುಗಿಸು. ಒಲೆ ಮೇಲೆ ಏನೋ ಸೀದುಹೋಗ್ತಿದೆ," ಅಂದ.

ಅವತ್ತು ಸೀದ ಅನ್ನವನ್ನೇ ಮೂವರೂ ಉಂಡೆವು. ಗುಬ್ಬಿ, "ತಾತಾ, ಇದಕ್ಕೆ ಕಪ್ಪು ಜಾಸ್ತಿಯಾಗಿದೆ," ಅಂದಳು. ಅಪ್ಪ ನಗುವುದಕ್ಕೆ ಹೋಗಿ ಹೊಟ್ಟೆ ಹಿಡಿದುಕೊಂಡ.

ಪಾತ್ರೆ ತೆಗೆಯುವಾಗ ಅಪ್ಪ ನನ್ನ ಸೆರಗು ಹಿಡಿದ. "ನನ್ನ ಒಂದು ಸಲ ಮೆಟ್ಟಿಲಿಗೆ ಕರ್ಕೊಂಡು ಹೋಗು."

"ನಾನು ದಿನಾ ತರ್ತೀನಲ್ಲ ಅಪ್ಪ..."

"ನೀನು ತಂದಿದ್ದೆಲ್ಲ ನೋಡಿದೆ. ನಿಜವಾದ್ದನ್ನ ನೋಡಿ ಹೋಗ್ತೀನಿ."

ತಮ್ಮನಿಗೆ ಹೇಳಿದ್ದೇ ತಡ, ಫೋನಿನಲ್ಲೇ ಕೂಗಾಡಿದ. "ತಲೆ ಕೆಟ್ಟಿದ್ಯಾ ಅಕ್ಕಾ? ಮಂಚದಿಂದ ಬಚ್ಚಲಿಗೆ ಹೋಗೋಕಾಗಲ್ಲ, ನದಿಗೆ ಇಳಿಸ್ತೀಯ? ದಾರೀಲೇ ಏನಾದ್ರೂ ಆದ್ರೆ?" ಅಪ್ಪ ಕೈ ಚಾಚಿ ಫೋನು ಇಸಿದುಕೊಂಡ. "ಆಗೋದು ಇಲ್ಲೂ ಆಗುತ್ತೆ ಕಣೋ. ಅಲ್ಲಿ ಸ್ವಲ್ಪ ಗಾಳಿನಾದ್ರೂ ಇರುತ್ತೆ. ನೀನು ಬರೋ ಹಾಗಿದ್ರೆ ಬಾ, ಬೈಯೋಕೆ ಮಾತ್ರ ಫೋನ್ ಮಾಡ್ಬೇಡ," ಎಂದು ನನ್ನ ಕೈಗೆ ವಾಪಸು ಕೊಟ್ಟ. ಆ ಕಡೆ ತಮ್ಮ ಅಳುತ್ತಿದ್ದ. ಸಮಾಧಾನ ಮಾಡುವ ಸರದಿ ಮತ್ತೆ ನನ್ನದೇ.

ಆದರೆ ಮಾರನೆಯ ದಿನವೇ ಅಪ್ಪನಿಗೆ ಜ್ವರ ಏರಿತು. ಕಣ್ಣೂ ಬಿಡಲಿಲ್ಲ. ಏಣಿ ಮಾವನ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ನಾನು ಔಷಧಿ ತರಲು ಹೋದವಳು, ಕಾಲು ಎಳೆದ ಕಡೆ ಹೋಗಿ ಮೆಟ್ಟಿಲಲ್ಲಿ ನಿಂತೆ. ಅಂಥ ಚಂದದ ಸಂಜೆಯನ್ನು ನಾನು ಅದಕ್ಕೆ ಮುಂಚೆ ಅಲ್ಲಿ ಕಂಡಿರಲಿಲ್ಲ. ಜೊಂಡಿನ ತುದಿತುದಿಯಲ್ಲೂ ಬೆಳಕು, ನೀರಿನ ಮೇಲೆ ಯಾರೋ ಈಗತಾನೆ ರೋಲರ್ ಎಳೆದುಹೋದ ಹಾಗೆ ನುಣುಪು. ನೀರುಕಾಗೆ ಕಂಬದ ಮೇಲೆ ಹಾಯಾಗಿ ರೆಕ್ಕೆ ಒಣಗಿಸುತ್ತಿತ್ತು. ಸಿಟ್ಟು ನೆತ್ತಿಗೇರಿತು. ಒಂದು ಕಲ್ಲೆತ್ತಿ ಅದರತ್ತ ಬೀಸಿದೆ. ಅರ್ಧ ನದಿಯನ್ನೂ ದಾಟದೆ ಕಲ್ಲು ಬುಳುಕ್ ಎಂದು ಬಿತ್ತು. ಹಕ್ಕಿ ಕತ್ತು ಕೂಡ ತಿರುಗಿಸಲಿಲ್ಲ. ಉಂಗುರಗಳು ಅಗಲವಾಗುತ್ತ ನನ್ನ ಕಾಲಿನ ಮೆಟ್ಟಿಲಿನವರೆಗೂ ಬಂದು, ಸದ್ದಿಲ್ಲದೆ ತಾಗಿ, ಹೋದವು. ನಾನು ಬೀಸಿದ್ದು ಕಲ್ಲು. ನದಿ ಕಳಿಸಿದ್ದು ಇಷ್ಟು ಮೆತ್ತಗಿನ ಅಲೆ. ಕಾಲು ಮಡಚಿ ಅಲ್ಲೇ ಕೂತೆ. ಅಪ್ಪನ ಜ್ವರ ಇಳಿಯಲಿ, ಒಂದೇ ಒಂದು ಸಂಜೆ ಸಿಗಲಿ ಎಂದು ಕೇಳಿಕೊಂಡೆ. ಯಾರನ್ನು ಅಂತ ಗೊತ್ತಿಲ್ಲ. ಎದುರಿಗಿದ್ದದ್ದು ನೀರು.

ಜ್ವರ ಇಳಿಯಲು ವಾರ ಹಿಡಿಯಿತು. ಇಳಿದಾಗ ಅಪ್ಪನಲ್ಲಿ ಮೂಳೆ ಮತ್ತು ಕಣ್ಣು ಮಾತ್ರ ಉಳಿದಿದ್ದವು. ಮಾತು ಕಡಿಮೆಯಾಗಿತ್ತು. ಇನ್ನು ನದಿಯ ಸುದ್ದಿ ಎತ್ತಲಾರ ಅಂದುಕೊಂಡೆ. ಆದರೆ ನಾನು ಮೈ ಒರೆಸುತ್ತಿದ್ದಾಗ ಕಿವಿಯ ಹತ್ತಿರ, "ಇವತ್ತು ಮೋಡ ಇದ್ಯಾ?" ಅಂದ.

"ಇಲ್ಲ ಅಪ್ಪ."

"ಹಾಗಾದ್ರೆ ಇವತ್ತೇ."

ಏಣಿ ಮಾವನಿಗೆ ಹೇಳಿಕಳಿಸಿದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಣ್ಣದ ಡಬ್ಬ ಸಾಗಿಸುವ ವ್ಯಾನು ಬಂತು. ಮಾವ ವ್ಯಾನಿನಿಂದ ಹೊರಗೆಳೆದದ್ದು ಅವರ ಹಳೆಯ ಹಲಗೆ, ಅದಕ್ಕೆ ಕಟ್ಟಿದ ಎರಡು ಹಗ್ಗ. ಅಪ್ಪ ಎಷ್ಟೋ ಕಟ್ಟಡಗಳ ಮೈಮೇಲೆ ಕೂತು ತೂಗಾಡಿದ ಅದೇ ಹಲಗೆ. ಅದರ ಅಡಿಯಲ್ಲಿ ಪದರ ಪದರವಾಗಿ ಬಣ್ಣದ ಹನಿಗಳು ಹೆಪ್ಪುಗಟ್ಟಿದ್ದವು.

"ಬಾ ಮೇಸ್ತ್ರಿ. ಇವತ್ತು ಒಂದು ಹೊರಗೋಡೆ ಕೆಲಸ ಇದೆ," ಅಂದ ಮಾವ.

"ಕಿಟಕಿಯಿಂದಲೇ ಇಳಿಸಿಬಿಡು, ಮೆಟ್ಟಿಲು ಯಾಕೆ?" ಎಂದ ಅಪ್ಪ. ಧ್ವನಿ ಒಣ ಎಲೆಯ ಹಾಗಿತ್ತು.

ನೋವಿನ ಔಷಧಿ ಕೊಟ್ಟು, ಅದು ಹಿಡಿಯುವವರೆಗೆ ಕಾದು, ಹಲಗೆಯ ಮೇಲೆ ದಿಂಬು ಹಾಕಿ ಕೂರಿಸಿದೆವು. ಮನೆಯ ಮೆಟ್ಟಿಲನ್ನು ಮಾವ ಮುಂದೆ, ನಾನು ಹಿಂದೆ ಹಿಡಿದು ಇಳಿಸಿದೆವು. ಭಾರವೇ ಇರಲಿಲ್ಲ. ಒಂದು ತುಂಬಿದ ಬಣ್ಣದ ಡ್ರಮ್ಮಿಗೆ ಇದಕ್ಕಿಂತ ಹೆಚ್ಚು ತೂಕವಿರುತ್ತದೆ. ಗುಬ್ಬಿ ನೀರಿನ ಬಾಟಲಿ ಹಿಡಿದುಕೊಂಡು ಹಿಂದೆ ಬಂದಳು. ತಿರುವಿನಲ್ಲಿ ಮಾವ ಉಸಿರು ಬಿಡುತ್ತ ನಿಂತ. ಅಪ್ಪ ಗೋಡೆಯನ್ನು ಮುಟ್ಟಿ, "ಇಲ್ಲಿ ಯಾರೋ ತಲೆ ಉಜ್ಜಿದ್ದಾರೆ. ಕಲೆ ನೋಡು," ಅಂದ. ಮಾವ ಬೇರೆ ಕಡೆ ನೋಡಿದ.

ನದಿಯ ಮೆಟ್ಟಿಲು ಕಡಿದು. ಪಕ್ಕದಲ್ಲಿ ಕಬ್ಬಿಣದ ಕಂಬಿ. ಮಾವ ಹಗ್ಗವನ್ನು ಆ ಕಂಬಿಗೆ ಸುತ್ತಿ, ಸ್ವಲ್ಪ ಸ್ವಲ್ಪವೇ ಬಿಡುತ್ತ, ಒಂದೊಂದೇ ಮೆಟ್ಟಿಲು ಹಲಗೆಯನ್ನು ಇಳಿಸಿದ. ನಾನು ಕೆಳಗಿನಿಂದ ಆನಿಸಿಕೊಂಡೆ. ಅಪ್ಪ ಹಗ್ಗ ಹಿಡಿಯಲೂ ಇಲ್ಲ, ಹಿಂದೆ ತಿರುಗಿ ನೋಡಲೂ ಇಲ್ಲ. "ಬಿಡು... ಬಿಡು... ಸಾಕು," ಎಂದು ಮೊದಲಿನ ಹಾಗೆಯೇ ಸಣ್ಣಗೆ ಹೇಳುತ್ತಿದ್ದ. ಮೇಲೆ ಮಾವ, "ಹೂಂ... ಹೂಂ," ಅನ್ನುತ್ತಿದ್ದ. ಅವರ ಎಷ್ಟೋ ವರ್ಷದ ಮಾತುಕತೆಯೆಲ್ಲ ಅಷ್ಟೇ ಇದ್ದಿರಬೇಕು.

ಕೊನೆಯ ಮೆಟ್ಟಿಲಿನಲ್ಲಿ ನೀರು ಅಪ್ಪನ ಪಾದದಿಂದ ಒಂದು ಗೇಣು ದೂರ. ಬಿಸಿಲು ವಾಲಿತ್ತು. ಗಾಳಿ ಬಂದಾಗ ಜೊಂಡು ಒಟ್ಟಿಗೇ ಬಾಗಿ ಒಟ್ಟಿಗೇ ಏಳುತ್ತಿತ್ತು. ಆಚೆ ಕಂಬದ ಮೇಲೆ ನಮ್ಮ ನೀರುಕಾಗೆ. ಅಪ್ಪ ಬಹಳ ಹೊತ್ತು ನೋಡಿದ. ಕಣ್ಣು ಕಿರಿದು ಮಾಡಲಿಲ್ಲ. ಬಾಯಿ ಅರ್ಧ ತೆರೆದು, ಗುಬ್ಬಿ ಚಿಕ್ಕವಳಿದ್ದಾಗ ಕಿಟಕಿಯಲ್ಲಿ ನೋಡುತ್ತಿದ್ದ ಹಾಗೆ.

"ಹೇಳು," ಅಂದ.

"ಬಿಳಿ ಒಂದು ಬಕೆಟ್ಟು. ಹಸಿರು ಎರಡು ಚಮಚ. ಮಣ್ಣುಹಳದಿ ಒಂದೂವರೆ." ನೀರನ್ನು ಮತ್ತೊಮ್ಮೆ ನೋಡಿದೆ. "ಕಪ್ಪು ಅರ್ಧ."

"ಜಾಸ್ತಿ," ಅಂದ ಅಪ್ಪ. ಅಷ್ಟು ಸಂತೋಷದ ಧ್ವನಿಯನ್ನು ನಾನು ತಿಂಗಳುಗಳಿಂದ ಕೇಳಿರಲಿಲ್ಲ.

ಆಮೇಲೆ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡ. ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ದಿನಾ ನಾನೇ ಒರೆಸುತ್ತಿದ್ದೆ. ಹಳದಿ ತಿರುಗಿದ ಚರ್ಮ, ಉಬ್ಬಿದ ನರ. ಉಗುರಿನ ಸಂದಿಯಲ್ಲಿ, ಗಂಟಿನ ಗೆರೆಯಲ್ಲಿ, ಎಲ್ಲೂ ಯಾರ ಮನೆಯ ಗೋಡೆಯೂ ಇರಲಿಲ್ಲ.

"ನೋಡೇ. ಏನೂ ಇಲ್ಲ," ಅಂದ. ನನಗೆ ಮೊದಲು ಅರ್ಥವಾಗಲಿಲ್ಲ. "ಈಗ ಹಾಕಬಹುದಲ್ಲ?"

ನಾನು ಅಪ್ಪನ ಬೆನ್ನನ್ನು ಎದೆಗೆ ಆನಿಸಿ ಮುಂದಕ್ಕೆ ಬಾಗಿಸಿದೆ. ಮೇಲೆ ಮಾವ ಹಗ್ಗವನ್ನು ಬಿಗಿಹಿಡಿದ. ಅಪ್ಪನ ಬಲಗೈ ನೀರಿನ ಮೇಲೆ ಒಂದು ಕ್ಷಣ ನಿಂತು, ಒಳಗೆ ಹೋಯಿತು. ಮಣಿಕಟ್ಟಿನ ತನಕ. ಬೆರಳು ಬಿಡಿಸಿದ, ಮಡಚಿದ. ಕೋಲು ಆಡಿಸುವ ಹಾಗೆ ಒಂದು ಸುತ್ತು ಮೆಲ್ಲಗೆ ತಿರುಗಿಸಿದ. ನೀರಿಗೆ ಅಪ್ಪನ ಕೈಯಿಂದ ಏನೂ ಅಂಟಲಿಲ್ಲ.

"ತಣ್ಣಗಿದೆ," ಅಂದ. "ಇಷ್ಟು ತಣ್ಣಗಿರುತ್ತೆ ಅಂತ ಗೊತ್ತೇ ಇರಲಿಲ್ಲ."

ಗುಬ್ಬಿ ತಾನೂ ಕೈ ಹಾಕಬಹುದೇ ಎಂದು ಕೇಳಿದಳು. "ಶಾಯಿ ಇದ್ಯಾ ನೋಡ್ಕೋ," ಅಂದ ಅಪ್ಪ. ಅವಳ ಬೆರಳಿನಲ್ಲಿ ಶಾಯಿ ಇತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಕತ್ತಲಾಗುವ ಮುಂಚೆ ಮೇಲೆ ಹತ್ತಿಸಿದೆವು. ವ್ಯಾನಿನಲ್ಲಿ ಅಪ್ಪ ನನ್ನ ಹೆಗಲ ಮೇಲೆ ತಲೆಯಿಟ್ಟು, ಒದ್ದೆ ಕೈಯನ್ನು ಒರೆಸಲು ಬಿಡದೆ ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಿದ್ದ. ಅದು ತಾನಾಗಿ ಒಣಗಿತು.

ಅದಾದ ಮೇಲೆ ಅಪ್ಪ ಬಹಳ ದಿನ ಇರಲಿಲ್ಲ. ತಮ್ಮ ಬಂದ. ಎರಡು ದಿನ ಅಪ್ಪನ ಕಾಲು ಒತ್ತುತ್ತ ಕೂತಿದ್ದ. ಒಂದು ಬೆಳಿಗ್ಗೆ ಗುಬ್ಬಿಯ ಡಬ್ಬಿ ಕಟ್ಟಿ ಕೋಣೆಗೆ ಬಂದಾಗ ಹೊದಿಕೆಯ ಮೇಲಿನ ಬೆರಳು ನಿಂತಿತ್ತು. ತಮ್ಮ ಪಕ್ಕದಲ್ಲೇ ಕೂತಲ್ಲಿಯೇ ನಿದ್ದೆ ಹೋಗಿದ್ದ. ಅವನನ್ನು ಎಬ್ಬಿಸಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಬಾಗಿಲಲ್ಲಿ ನಿಂತಿದ್ದೆ.

ಎಲ್ಲ ಮುಗಿದು ತಮ್ಮ ಊರಿಗೆ ಹೋದ ಮೇಲೆ, ಕೆಲಸಕ್ಕೆ ಮರಳುವ ಮುಂಚಿನ ಸಂಜೆ ಮೆಟ್ಟಿಲಿಗೆ ಹೋದೆ. ಅಷ್ಟು ದಿನ ಬ್ರಶ್ಶು ಮುಟ್ಟಿರಲಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ಕೂತು ಕೈ ನೋಡಿಕೊಂಡೆ. ಮನೆಗೆಲಸದ ಕೈ, ಪಾತ್ರೆ ತಿಕ್ಕಿ ತಿಕ್ಕಿ ಬೆಳ್ಳಗಾಗಿತ್ತು. ನೀರಿಗೆ ಚಾಚಿದೆ. ಆಗ ಕಂಡಿತು. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಕೂದಲೆಳೆಯಷ್ಟು ಬಿಳಿ ಉಳಿದಿತ್ತು. ಯಾರ ಮನೆಯದ್ದೋ ನೆನಪಾಗಲಿಲ್ಲ. ಕೈ ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡೆ.

ಕಂಬದ ಮೇಲೆ ಹಕ್ಕಿ ಇರಲಿಲ್ಲ. ನೀರು ಎಂದಿನ ಹಾಗೆ ಹೋಗುತ್ತಿತ್ತು. ನೋಡುತ್ತ ಕೂತೆ. ಕಣ್ಣಿನಲ್ಲಿದ್ದ ಕೋಣೆ, ಮಂಚ, ಮಡಚಿಟ್ಟ ಹೊದಿಕೆ, ಆಸ್ಪತ್ರೆಯ ಓಣಿ ಒಂದೊಂದಾಗಿ ತೆಳುವಾಗುತ್ತ ಬಂದವು. ಪೂರ್ತಿ ಹೋಗಲಿಲ್ಲ. ನೀರಿನ ಬಣ್ಣ ಹೇಳುವಷ್ಟು ಜಾಗವಾಯಿತು.

"ಬಿಳಿ ಒಂದು ಬಕೆಟ್ಟು," ಎಂದೆ, ಜೋರಾಗಿಯೇ. "ಹಸಿರು ಎರಡು ಚಮಚ. ಮಣ್ಣುಹಳದಿ ಒಂದು. ಕಪ್ಪು ಅರ್ಧ."

ಕಾದೆ. ಜೊಂಡಿನ ಬುಡದಲ್ಲಿ ನೀರು ಗುಳುಗುಳು ಅಂದಿತು. ಜಾಸ್ತಿ ಅಂತ ಯಾರೂ ಅನ್ನಲಿಲ್ಲ.

ಗುಬ್ಬಿಗೆ ಅನ್ನಕ್ಕಿಡಬೇಕಿತ್ತು. ಎದ್ದು ಮೆಟ್ಟಿಲು ಹತ್ತಿದೆ.